ನೆಲಕ್ಕೆ ಬೀಳದ ಎಣ್ಣೆ

ಮೂರು ರಾತ್ರಿ ಬೈಕಿನಡಿ ರಟ್ಟು ಹಾಸಿಟ್ಟೆವು,
ಮೂರು ಬೆಳಗೂ ರಟ್ಟು ಹಾಸಿದ ಹಾಗೇ ಇತ್ತು.
ಒಂದು ಹನಿ? ಇಲ್ಲ.
ಇರುವೆ ಒಂದಿತ್ತು, ಅದೂ ದಾರಿ ತಪ್ಪಿ ಬಂದದ್ದು.

ಕೂಬರ್ ಪೀಡಿಯಲ್ಲಿ ಮನೆಗಳೇ ನೆಲದ ಕೆಳಗೆ.
ದ್ರಾಗಿಶನ ಶೆಡ್ಡೂ ಹಾಗೇ, ಓಪಲ್ ಸಿಗದೆ ಬಿಟ್ಟ ಸುರಂಗ,
ಗೋಡೆಯ ತುಂಬ ಕೊರೆವ ಯಂತ್ರದ ಹಲ್ಲಿನ ಗುರುತು.
ಅಲ್ಲಿ ಅವನ ಮೊಮ್ಮಗಳು ವೆಸ್ನಾಳ ಟೂ ಸ್ಟ್ರೋಕ್ ಬೈಕು
ಮಡ್‌ಗಾರ್ಡಿಗೆ ಕೆಂಪು ಧೂಳು ಮೆತ್ತಿಕೊಂಡು
ಏನೂ ಅರಿಯದವರ ಹಾಗೆ ನಿಂತಿತ್ತು.

ಬಯಲಿಗೆ ತಳ್ಳಿ ಕಿಕ್ ಹೊಡೆದಳು.
ಹೊಗೆ. ಬಿಳಿ, ದಪ್ಪ,
ಎಂಜಿನ್ ಕಾದ ಮೇಲೂ ನಿಲ್ಲದ ಹೊಗೆ.
ನೀರು ಒಳಗೆ ಹೋಗ್ತಿದೆ, ಅಂದೆ ನಾನು, ತಿಳಿದವಳ ಹಾಗೆ.
ಆರಿದ ಮೇಲೆ ರೇಡಿಯೇಟರ್ ತೆರೆದರೆ ಕಂಠಪೂರ್ತಿ ನೀರು,
ಅದರಲ್ಲಿ ಹಸಿರಾಗಿ ನನ್ನ ಮುಖ.

ದ್ರಾಗಿಶನಿಗೆ ಕಣ್ಣು ಮಂಜು.
ಬಾಗಿಲ ಬಳಿ ಕುರ್ಚಿ ಹಾಕಿ ಕೂತವನು ಒಮ್ಮೆ ಉಸಿರೆಳೆದ:
"ಪೆಟ್ರೋಲಿಗೆ ಬೆರೆಸುವ ಎಣ್ಣೆಯಲ್ಲ ಇದು.
ಗೇರ್ ಆಯಿಲ್ ಸುಡ್ತಿದೆ."

ರಾಣೆಬೆನ್ನೂರಿನ ಗಾಣದಲ್ಲಿ ನನ್ನ ಸೋದರತ್ತೆಯೂ ಹೀಗೇ,
ಕುಸುಬೆಗೆ ಹತ್ತಿಕಾಳೆಣ್ಣೆ ಬೆರೆಸಿ ತಂದವನನ್ನು
ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅಟ್ಟುತ್ತಿದ್ದಳು.
ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದೆಲ್ಲ ಸುಳ್ಳು ಕಣೇ,
ಕಾಯಬೇಕಾದ್ದು ಮೂಗು.

ಸರಿ, ಅಳೆಯೋಣ.
ನನ್ನ ಅಡುಗೆಮನೆಯ ಅಳತೆ ಜಗ್ಗು ತಂದೆ,
ದೋಸೆ ಹಿಟ್ಟಿಗೆ ಅದಿನ್ನು ಬಾರದು ಎಂದು ಗೊತ್ತಿದ್ದೇ ತಂದೆ.
ಹಾಕಬೇಕಾದ್ದು ಏಳುನೂರು ಎಂಎಲ್.
ತಳದ ಬೋಲ್ಟ್ ಬಿಚ್ಚಿ, ಧಾರೆ ನೂಲಾಗಿ
ನೂಲು ಹನಿಯಾಗಿ
ಹನಿ ತಡವರಿಸುವ ತನಕ ಕಾದೆವು.
ನಾನೂರ ಐವತ್ತು.

ಉಳಿದದ್ದೆಲ್ಲಿ?
ಮನೆಯೊಳಗಿನ ಕಳ್ಳನಿಗೆ ಬೀಗ ಮುರಿಯುವ ಕೆಲಸವಿಲ್ಲ.

ಹೊಗೆ ಹೋಗುವ ಬಾಯಿಗೆ ರಬ್ಬರ್ ಬಿರಡೆ,
ಗಾಳಿ ಬರುವ ಬಾಯಿಗೆ ಇನ್ನೊಂದು,
ಸೈಕಲ್ ಪಂಪಿನಿಂದ ಮೆಲ್ಲಗೆ ಆರು ಪೌಂಡ್ ಗಾಳಿ.
ಸಂದುಸಂದಿಗೂ ಸೋಪಿನ ನೊರೆ ಬಳಿದೆ.
ಎಲ್ಲೂ ಒಂದು ಗುಳ್ಳೆ ಏಳಲಿಲ್ಲ,
ಮುಳ್ಳು ಮಾತ್ರ ಇಳಿಯುತ್ತಿತ್ತು.

ಆರರಿಂದ ಐದಕ್ಕೆ ಬರುವಾಗ ವೆಸ್ನಾ ಅಂದಳು:
"ಹೋದ ಶನಿವಾರವಷ್ಟೇ ತುಂಬಿಸಿದ್ದೆ."
ಐದರಿಂದ ನಾಲ್ಕಕ್ಕೆ: "ಅದರ ಹಿಂದಿನ ಶನಿವಾರವೂ."
ಗೋಡೆಯ ಕಡೆಗೇ ಮುಖವಿಟ್ಟು ಮುದುಕ ಹೇಳಿದ,
"ಗೊತ್ತು. ಕಪಾಟಿನ ಡಬ್ಬಿ ವಾರವಾರವೂ ಹಗುರ ಆಗ್ತಿತ್ತು."
"ಮತ್ತೆ ಯಾಕೆ ಕೇಳಲಿಲ್ಲ?"
"ನೀನ್ಯಾಕೆ ಹೇಳಲಿಲ್ಲ?"
"ಹೇಳಿದ್ರೆ ಬೈಕ್ ಮಾರಿಬಿಡ್ತಿದ್ದೆ."
ಅವನು ಇಲ್ಲ ಅನ್ನಲಿಲ್ಲ.

ಎದ್ದು ಬಂದ, ಗೋಡೆ ಹಿಡಿದು.
ಗೇರ್‌ಬಾಕ್ಸಿನ ಎಣ್ಣೆ ಹಾಕುವ ಬಿರಡೆ ತಿರುಗಿಸಿ ತೆಗೆದು
ಆ ತೂತಿಗೆ ಕಿವಿಯಿಟ್ಟ.
ಅವಳನ್ನು ಕರೆದು ಅವಳ ಕಿವಿ. ಕೊನೆಗೆ ನನ್ನದು.
ಸಣ್ಣಗೆ, ಮಲಗಿದ ಮಗುವಿನ ಮೂಗು ಕಟ್ಟಿದ ಹಾಗೆ,
ಒಂದು ಸುಯ್.

ಕ್ರ್ಯಾಂಕಿನ ಬಲಗಡೆಯ ಸೀಲು.
ಬಳೆಯಷ್ಟೂ ಇಲ್ಲದ ರಬ್ಬರ್ ಉಂಗುರ, ತುಟಿ ಸವೆದದ್ದು.
ಎರಡು ಕೋಣೆಗಳ ನಡುವೆ ನಿಂತು
ಅಲ್ಲಿಯದನ್ನು ಇಲ್ಲಿಗೆ ಬಿಡಬಾರದು, ಅಷ್ಟೇ ಅದರ ಕೆಲಸ.

ಹೊಸದು ಅಡಿಲೇಡಿನಿಂದ ಬಂತು, ಹದಿನಾಲ್ಕು ಡಾಲರ್.
ನಾನು ಕೂರುವ ಅಂಚೆ ಕೌಂಟರಿನಲ್ಲೇ ಸಹಿ ಹಾಕಿ ಒಯ್ದಳು.
ಹಾಕಿದ್ದು ಅವಳೇ. ಬೈದದ್ದು ಅವನು,
ತುಟಿ ತಿರುಗಿಸಿ ಕೂರಿಸಿದ್ದನ್ನು ಬೆರಳಲ್ಲೇ ಸವರಿ ಕಂಡುಹಿಡಿದು.

ಒಂದು ತಿಂಗಳು ಓಡಿಸಿದ ಮೇಲೆ ಮತ್ತೆ ಜಗ್ಗು ಹಿಡಿದೆವು.
ಏಳುನೂರಕ್ಕೆ ಒಂದು ಚಮಚ ಕಡಿಮೆ.
ಅದು ಒಳಗೆ ಅಂಟಿಕೊಂಡಿರ್ತದೆ ಅಂದಳು ವೆಸ್ನಾ.
ಇರಬಹುದು ಅಂದ ಮುದುಕ,
ಕಪಾಟಿನ ಡಬ್ಬಿಯನ್ನು ಸುಮ್ಮನೆ ಎತ್ತಿ ನೋಡಿ
ಮತ್ತೆ ಅಲ್ಲೇ ಇಟ್ಟ.